ತಿಪ್ಪವ್ವನ ಚಿತ್ರಕ್ಕೆ ಇಟ್ಟ ಹೆಸರುಗಳು

ಬೆಟಗೇರಿಯ ಆ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಮೊದಲು ಕೇಳುತ್ತಿದ್ದುದು ತಿಪ್ಪವ್ವ ಬಂದಳೇ ಎಂದು. ಅವಳು ಬಂದು ಹೆಣದ ತಲೆಯ ಕಡೆ ಕುಳಿತು, ಸತ್ತವರ ಹೆಸರು ಹಿಡಿದು, ಅವರು ಹೇಗೆ ನಡೆಯುತ್ತಿದ್ದರು, ಯಾವ ಹೊತ್ತಿಗೆ ಚಹಾ ಕೇಳುತ್ತಿದ್ದರು, ಯಾರ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಬೇಗ ಮರೆಯುತ್ತಿದ್ದರು ಎಂದು ಒಂದೊಂದಾಗಿ ಎತ್ತಿ ಆಡಿ ಅಳತೊಡಗಿದರೆ, ಬಾಗಿಲಲ್ಲಿ ಸುಮ್ಮನೆ ನಿಂತ ಗಂಡಸರೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಜನರ ಬಗ್ಗೆ ಅವಳಿಗೆ ನೆನಪು ಹೆಚ್ಚು, ಅಷ್ಟೇ.

ಹಾಗಾಗಿ ಅವಳ ಒಬ್ಬನೇ ಮಗ ಮೌನೇಶ ಹೋದ ದಿನ ಓಣಿಯ ಹೆಂಗಸರೆಲ್ಲ ಅವಳ ಸುತ್ತ ಕುಳಿತು ಕಾದರು. ಮೌನೇಶ ಬಾಡಿಗೆ ಟೆಂಪೊ ಓಡಿಸುತ್ತಿದ್ದ. ಮುಂಡರಗಿ ಕಡೆಯಿಂದ ಉಳ್ಳಾಗಡ್ಡಿ ಹೇರಿಕೊಂಡು ಬರುವಾಗ ಗಾಡಿ ಪಲ್ಟಿಯಾಗಿತ್ತು. ಖಬರು ಬಂದಾಗ ತಿಪ್ಪವ್ವ ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಕಾಳನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಆಮೇಲೆ ಹೊರಗೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಮಗನನ್ನು ತಂದು ಕಟ್ಟೆಯ ಮೇಲೆ ಮಲಗಿಸಿದರು. ತಿಪ್ಪವ್ವ ತಲೆಯ ಕಡೆಗೇ ಕುಳಿತಳು. ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಪಕ್ಕದ ಮನೆಯ ಖಾತುನಬಿ ಹತ್ತಿರ ಸರಿದು, ಅಳು ತಾಯಿ, ಒಳಗ ಇಟ್ಕೋಬ್ಯಾಡ ಎಂದು ಬೆನ್ನು ಸವರಿದಳು. ತಿಪ್ಪವ್ವ ಅವಳತ್ತ ತಿರುಗಿ, ಏನೋ ಕೇಳಿದ್ದು ಅರ್ಥವಾಗದವಳ ಹಾಗೆ ನೋಡಿದಳು. ಕಡೆಗೆ ಬೇರೆಯವರೇ ಅತ್ತರು. ಮೌನೇಶನನ್ನು ಎತ್ತಿಕೊಂಡು ಹೋದರು.

ತಿಪ್ಪವ್ವ ಹುಟ್ಟಿದ್ದು ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ. ಬೆಟಗೇರಿಗೆ ಸೊಸೆಯಾಗಿ ಬಂದಾಗ ಗಂಡ ಗದಗಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಮೌನೇಶ ಇನ್ನೂ ಕನ್ನಡ ಶಾಲೆಗೆ ಹೋಗುತ್ತಿರುವಾಗಲೇ ಅವನು ಎದೆಯ ರೋಗದಿಂದ ಹೋಗಿಬಿಟ್ಟ. ಆಗ ತಿಪ್ಪವ್ವ ಅತ್ತಿದ್ದಳು, ದಿನಗಟ್ಟಲೆ. ಆಮೇಲೆ ಎದ್ದು ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದಳು. ಸೀನುತ್ತ, ಕೆಮ್ಮುತ್ತ, ಪಕ್ಕದವರೊಂದಿಗೆ ಹರಟುತ್ತ ಮಗನನ್ನು ದೊಡ್ಡವನನ್ನಾಗಿ ಮಾಡಿದಳು. ಡಂಬಳದಿಂದ ರೋಜಾ ಎಂಬ ಹುಡುಗಿಯನ್ನು ಸೊಸೆಯಾಗಿ ತಂದಳು. ಮೌನೇಶ, ರೋಜಾ ಎಂಟು ವರ್ಷ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ.

ಮೌನೇಶನ ದಿನಕರ್ಮ ಮುಗಿದ ಮೇಲೆ ರೋಜಾಳ ಅಣ್ಣಂದಿರು ಅವಳನ್ನು ಕರೆದುಕೊಂಡು ಹೋಗಲು ಡಂಬಳದಿಂದ ಬಂದರು. ರೋಜಾ ಇನ್ನೊಂದಿಷ್ಟು ದಿನ ಇರುತ್ತೇನೆ ಎಂದಳು. ಅತ್ತೆಯ ಮೇಲಿನ ಪ್ರೀತಿಯಿಂದ ಹಾಗೆಂದಳೋ, ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುವಷ್ಟು ಶಕ್ತಿ ಇರಲಿಲ್ಲವೋ, ಅವಳಿಗೇ ತಿಳಿಯದು. ಅಣ್ಣಂದಿರು ಮತ್ತೆರಡು ಸಲ ಬಂದು ಹೋದರು. ಆಮೇಲೆ ಬರಲಿಲ್ಲ. ರೋಜಾ ಗದಗಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಬೆಳಿಗ್ಗೆ ಎದ್ದು ಅತ್ತೆಗೆ ಅಡುಗೆ ಮಾಡಿಟ್ಟು ಹೋದರೆ ಸಂಜೆಗೆ ಬರುವಳು. ಬಿ.ಪಿ. ಗುಳಿಗೆಯನ್ನು ತಪ್ಪದೆ ತಂದಿಡುವಳು. ಸಂಜೆ ಇಬ್ಬರೂ ಟಿ.ವಿ. ಮುಂದೆ ಕುಳಿತು ಉಣ್ಣುವರು. ಜಗಳ ಇರಲಿಲ್ಲ. ಬೇಕಾದಷ್ಟೇ ಮಾತು. ನೀರು ಬಂದಿತ್ತೇ, ಗ್ಯಾಸ್ ಮುಗಿಯಿತೇ, ಬಾಗಿಲ ಚಿಲಕ ಹಾಕಿದೆಯಾ. ಮೌನೇಶನ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಹಾಗೆಂದು ಅವನ ಮಾತು ಆಡಬಾರದೆಂದು ಯಾರೂ ತೀರ್ಮಾನಿಸಿದ್ದೂ ಅಲ್ಲ.

ಹಗಲು ಹೊತ್ತು ಓಣಿಯ ಹೆಂಗಸರು ತಿಪ್ಪವ್ವನನ್ನು ಮಾತಾಡಿಸಲು ಬರುತ್ತಿದ್ದರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಕನಸಿನಲ್ಲಿ ಮಗ ಬರುತ್ತಾನೆಯೇ ಎಂದು ಕೇಳುವರು. ಒಳ್ಳೆಯ ಮನಸ್ಸಿನಿಂದಲೇ ಕೇಳುವರು. ತಿಪ್ಪವ್ವ ಪ್ರತಿಯೊಂದಕ್ಕೂ ಹೂಂ ಎನ್ನುವಳು. ಅವರು ಎದ್ದು ಹೋದ ಮೇಲೆ ಕುಳಿತಲ್ಲೇ ಕುಳಿತಿರುವಳು. ಓಣಿಯಲ್ಲಿ ಬೇರೆ ಸಾವುಗಳಾದವು. ಕರೆಯಲು ಬಂದರೆ ಹೋಗಿ ಒಂದು ಮೂಲೆಯಲ್ಲಿ ಕುಳಿತು ಬರುವಳು. ಎರಡು ವರ್ಷ ಕಳೆಯುವಷ್ಟರಲ್ಲಿ ಕರೆಯುವುದೂ ನಿಂತಿತು.

ಖಾತುನಬಿಯ ಮೊಮ್ಮಗಳು ಅಸ್ಮಾ ಗದಗಿನ ಒಂದು ಚಿತ್ರಕಲಾ ಶಾಲೆಯಲ್ಲಿ ಓದುತ್ತಿದ್ದಳು. ಅಲ್ಲಿ ವಿದ್ಯಾರ್ಥಿಗಳ ಎದುರು ಕುಳಿತುಕೊಳ್ಳುವುದಕ್ಕೆ ವಯಸ್ಸಾದವರು ಬೇಕಾಗಿದ್ದರು. ಬರುತ್ತಿದ್ದ ಮುದುಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅಸ್ಮಾ ಬಂದು ತಿಪ್ಪವ್ವನನ್ನು ಕೇಳಿದಳು. ಏನೂ ಮಾಡಬೇಕಾಗಿಲ್ಲ, ಕುರ್ಚಿಯ ಮೇಲೆ ಕುಳಿತರೆ ಸಾಕು, ನಡುವೆ ಚಹಾ ಕೊಡುತ್ತಾರೆ, ಕೈಗೂ ಒಂದಿಷ್ಟು ಸಿಗುತ್ತದೆ ಎಂದಳು.

“ಮಾತಾಡಬೇಕೇನು?” ಎಂದು ತಿಪ್ಪವ್ವ ಕೇಳಿದಳು.

“ಇಲ್ಲ ಆಯಿ. ಮಾತಾಡಿದ್ರ ಸರ್ ಬೈತಾರ.”

ತಿಪ್ಪವ್ವ ಮರುದಿನವೇ ಹೊರಟಳು. ಸಂಜೆ ರೋಜಾಳಿಗೆ ಹೇಳಿದಾಗ ಅವಳು ಬೇಡ ಎನ್ನಲಿಲ್ಲ, ಹೋಗಿರಿ ಎನ್ನಲೂ ಇಲ್ಲ. ಬಿಸಿಲಿಗೆ ಛತ್ರಿ ಒಯ್ಯಲು ಮಾತ್ರ ಹೇಳಿದಳು.

ಶಾಲೆಯ ಆ ಕೋಣೆಯಲ್ಲಿ ಗೋಡೆಗುಂಟ ಎತ್ತರದ ಕಿಟಕಿಗಳಿದ್ದವು. ನಡುವೆ ಮರದ ಕಟ್ಟೆಯಂಥದ್ದು, ಅದರ ಮೇಲೆ ಕುರ್ಚಿ. ಸುತ್ತ ಹುಡುಗ ಹುಡುಗಿಯರು ತಮ್ಮ ತಮ್ಮ ಹಲಗೆಗಳ ಹಿಂದೆ. ಅವರು ಅವಳನ್ನು ನೋಡುವರು, ಕೆಳಗೆ ನೋಡುವರು, ಮತ್ತೆ ಅವಳನ್ನು ನೋಡುವರು. ಮಗ ಹೋದಂದಿನಿಂದ ಅವಳನ್ನು ಇಷ್ಟು ಜನ ಇಷ್ಟು ಹೊತ್ತು ನೋಡಿಯೂ ಏನೂ ಕೇಳದೆ ಬಿಟ್ಟದ್ದು ಇಲ್ಲೇ ಮೊದಲು. ಮೂಗಿನ ಉದ್ದ, ಕೆನ್ನೆಯ ಎಲುಬು, ಕುತ್ತಿಗೆಯ ನೆರಿಗೆ, ಇಷ್ಟೇ ಅವರಿಗೆ ಬೇಕಿದ್ದದ್ದು. ತಿಪ್ಪವ್ವನಿಗೆ ಅದು ಹಿಡಿಸಿತು. ಹಿಡಿಸಿತು ಎಂದರೆ ಸಂತೋಷವಾಯಿತು ಎಂದಲ್ಲ. ಅಲ್ಲಿ ಕುಳಿತಾಗ ಯಾರಿಗೂ ಹೂಂ ಎನ್ನಬೇಕಾಗಿರಲಿಲ್ಲ.

ಆ ಹುಡುಗರಲ್ಲಿ ಲೋಹಿತ ಎಂಬ ಮುಂಡರಗಿಯವನೊಬ್ಬನಿದ್ದ. ಕೊನೆಯ ವರ್ಷದವನು. ಉಳಿದವರು ಒಂದೆರಡು ದಿನದಲ್ಲಿ ಪೆನ್ಸಿಲ್ಲಿನ ಚಿತ್ರ ಮುಗಿಸಿದರೆ ಅವನು ದೊಡ್ಡ ಕ್ಯಾನ್ವಾಸ್ ಇಟ್ಟುಕೊಂಡು ಎಣ್ಣೆಬಣ್ಣದಲ್ಲಿ ತಿಪ್ಪವ್ವನನ್ನೇ ವಾರಗಟ್ಟಲೆ ಬರೆದ. ಕಿಟಕಿಯ ಕಡೆ ಮುಖ ಮಾಡಿ ಕುಳ್ಳಿರಿಸುವನು. ಕಣ್ಣಿನ ಜಾಗಕ್ಕೆ ಬಂದಾಗಲೆಲ್ಲ ಬಣ್ಣ ಹಚ್ಚಿ, ಒರೆಸಿ, ಮತ್ತೆ ಹಚ್ಚುವನು. ಚಹಾಕ್ಕೆ ಬಿಡುವು ಕೊಟ್ಟಾಗ ಬೇರೆಯವರು ಬಂದು ಅದನ್ನು ನೋಡುವರು. ತಿಪ್ಪವ್ವ ಒಂದು ದಿನವೂ ಎದ್ದು ಬಂದು ಕ್ಯಾನ್ವಾಸಿನ ಮುಂದೆ ನಿಲ್ಲಲಿಲ್ಲ. ಅವಳಿಗೆ ಕಂಡದ್ದು ಅದರ ಬೆನ್ನು ಮಾತ್ರ, ಮರದ ಚೌಕಟ್ಟು ಮತ್ತು ಮೊಳೆ.

ವರ್ಷದ ಕೊನೆಗೆ ಶಾಲೆಯ ಹಾಲಿನಲ್ಲಿ ವಿದ್ಯಾರ್ಥಿಗಳ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಲೋಹಿತನ ಚಿತ್ರವನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದರು. ಹೆಸರೇನು ಎಂದು ಕೇಳಿದಾಗ ಅವನು ಇನ್ನೂ ಇಟ್ಟಿಲ್ಲ ಎಂದ. ಅವನ ಮಾಸ್ತರರೊಬ್ಬರು ಚಿತ್ರದ ಎದುರು ಸ್ವಲ್ಪ ಹೊತ್ತು ನಿಂತು, ಮಕ್ಕಳು ಕೈಬಿಟ್ಟ ತಾಯಿಯ ಮುಖ ಇದು, ನೋಡಿದರೇ ಗೊತ್ತಾಗುತ್ತದೆ ಎಂದರು. ಚೀಟಿಯಲ್ಲಿ ‘ಮಕ್ಕಳು ಮರೆತ ತಾಯಿ’ ಎಂದು ಬರೆದು ಅಂಟಿಸಿದರು. ಬಂದವರೆಲ್ಲ ಆ ಚೀಟಿ ಓದಿ, ಆಮೇಲೆ ತಲೆಯೆತ್ತಿ ಚಿತ್ರ ನೋಡಿದರು. ಒಂದು ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋಗಿ, ಮುಪ್ಪಿನಲ್ಲಿ ತಬ್ಬಲಿಯಾದವರ ನೋವು ಈ ಕಣ್ಣುಗಳಲ್ಲಿ ಹೆಪ್ಪುಗಟ್ಟಿದೆ ಎಂದು ಬರೆದರು.

ಪತ್ರಿಕೆ ರೋಜಾಳ ಕೈಗೆ ಬಂದದ್ದು ಖಾನಾವಳಿಯಲ್ಲಿ. ಮಾಲೀಕ ಸೋಮೇಶ ಅದನ್ನು ಅವಳ ಮುಖದೆದುರು ಹಿಡಿದು, “ಯಾಕ ರೋಜಾ, ಅತ್ತೀಗೆ ಊಟಾ ಹಾಕವಲ್ಲಿ ಏನು?” ಎಂದ. ತಮಾಷೆಗೆಂದೇ ಅಂದದ್ದು. ರೋಜಾ ಹಿಟ್ಟು ಮೆತ್ತಿದ ಕೈಯಲ್ಲಿ ಪತ್ರಿಕೆ ಮುಟ್ಟಲಿಲ್ಲ. ಸಣ್ಣ ಫೋಟೊ, ಮಬ್ಬಾಗಿತ್ತು. ಅತ್ತೆ ಎಂದು ಗುರುತು ಹತ್ತಿತು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು, ನೀರು ಸವರಿದಳು, ಮುಂದಿನದನ್ನು ಬಡಿಯತೊಡಗಿದಳು. ಅವಮಾನವಾಗಬೇಕಿತ್ತು ಎಂದು ಅವಳಿಗೆ ಅನಿಸಿದ್ದು ಸಂಜೆ ಮನೆಗೆ ನಡೆದು ಹೋಗುವಾಗ, ಓಣಿಯ ಕಟ್ಟೆಯ ಮೇಲಿನ ಮಾತುಗಳು ಅವಳು ಹತ್ತಿರ ಬರುತ್ತಿದ್ದಂತೆ ನಿಂತಾಗ.

ಮೂರನೆಯ ದಿನ ಬೆಳ್ಳಟ್ಟಿಯಿಂದ ತಿಪ್ಪವ್ವನ ತಮ್ಮ ಹನಮಪ್ಪ ಬಂದ. ಅಕ್ಕನಿಗಿಂತ ಐದಾರು ವರ್ಷ ಚಿಕ್ಕವನು. ಹೊಲ, ಎರಡು ಎಮ್ಮೆ, ಮಕ್ಕಳು ಮೊಮ್ಮಕ್ಕಳು, ಎಲ್ಲ ಇದ್ದವನು. ಅವನ ಮೊಬೈಲಿಗೆ ಯಾರೋ ಆ ಫೋಟೊ ಕಳಿಸಿದ್ದರು. ಚಪ್ಪಲಿ ಬಿಚ್ಚಿ ಒಳಗೆ ಬಂದವನು ನೀರು ಕುಡಿಯಲಿಲ್ಲ. ತನ್ನ ಅಕ್ಕನನ್ನು ಕೂಲಿಗೆ ಕೂರಿಸಿದ್ದಾರೆ, ಅವಳ ಮುಖ ಊರಿನವರೆಲ್ಲ ನೋಡಿ ಅಯ್ಯೋ ಎನ್ನುವ ಹಾಗೆ ಮಾಡಿದ್ದಾರೆ, ತಾನು ಇನ್ನೂ ಬದುಕಿದ್ದೇನೆ ಎಂದು ಬಹಳ ಹೊತ್ತು ಹೇಳಿದ. ರೋಜಾ ಒಲೆಯ ಹತ್ತಿರ ನಿಂತು ಕೇಳಿದಳು. ತಾನು ಕೂರಿಸಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

“ಯಕ್ಕಾ, ಏಳು. ನಮ್ಮ ಮನಿಗೆ ಹೋಗೂಣು,” ಎಂದ ಹನಮಪ್ಪ.

ತಿಪ್ಪವ್ವ ಎದ್ದಳು. ತಮ್ಮ ಏಳು ಎಂದನು, ಎದ್ದಳು, ಅಷ್ಟೇ. ರೋಜಾ ಎರಡು ಸೀರೆ, ಬಾಚಣಿಗೆ, ಗುಳಿಗೆಯ ಡಬ್ಬಿ ಚೀಲಕ್ಕೆ ಹಾಕಿದಳು. ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಹನಮಪ್ಪನಿಗೆ ಹೇಳಿಕೊಟ್ಟಳು. ಅವನು ಸಿಟ್ಟಿನಲ್ಲಿದ್ದರೂ ಕೇಳಿಸಿಕೊಂಡ. ಇಬ್ಬರೂ ಓಣಿ ದಾಟಿ ಮರೆಯಾದರು. ರೋಜಾ ಬಾಗಿಲಲ್ಲಿ ನಿಂತು ನೋಡಿದಳು. ಅಕ್ಕಪಕ್ಕದ ಬಾಗಿಲುಗಳಲ್ಲೂ ಜನ ನಿಂತಿದ್ದರು.

ಆಮೇಲಿನ ದಿನಗಳಲ್ಲಿ ರೋಜಾ ಕೆಲಸಕ್ಕೆ ಹೋಗಿ ಬಂದಳು. ಮನೆಯಲ್ಲಿ ಅಡುಗೆ ಮಾಡಲಿಲ್ಲ. ಖಾನಾವಳಿಯಲ್ಲಿ ಉಳಿದ ರೊಟ್ಟಿಯನ್ನೇ ತಂದು ಚಟ್ನಿಪುಡಿಯೊಂದಿಗೆ ತಿನ್ನುವಳು. ಟಿ.ವಿ. ಹಚ್ಚಿದರೆ ಅದರ ದನಿ ಮನೆಗೆ ದೊಡ್ಡದೆನಿಸುತ್ತಿತ್ತು. ಅತ್ತೆ ಇದ್ದಾಗಲೂ ಮಾತಿರಲಿಲ್ಲ. ಈಗಿನ ಸುಮ್ಮನಿರುವಿಕೆ ಬೇರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಹೇಗೆ ಬೇರೆ ಎಂದು ಹೇಳಲು ಬರುತ್ತಿರಲಿಲ್ಲ.

ಅಸ್ಮಾ ಎರಡು ಮೂರು ಸಲ ಬಂದು ಅಳುಮೋರೆ ಮಾಡಿಕೊಂಡು ನಿಂತಳು. ತನ್ನಿಂದಲೇ ಇದೆಲ್ಲ ಆಯಿತೆಂದು ಅವಳ ಭಾವನೆ. ಚಿತ್ರವನ್ನಾದರೂ ಒಮ್ಮೆ ಬಂದು ನೋಡಿ ಅಕ್ಕಾ ಎಂದಳು. ಖಾನಾವಳಿಗೆ ರಜೆಯಿದ್ದ ಒಂದು ದಿನ ರೋಜಾ ಅವಳೊಂದಿಗೆ ಹೊರಟಳು.

ಹಾಲಿನಲ್ಲಿ ನಾಲ್ಕಾರು ಜನರಿದ್ದರು. ಎದುರುಗೋಡೆಯ ಮೇಲೆ ಅತ್ತೆ ಇದ್ದಳು. ಮನೆಯ ಬಾಗಿಲಿನಷ್ಟು ಎತ್ತರದ ಚಿತ್ರ. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿತ್ತು, ಇನ್ನೊಂದು ಕೆನ್ನೆ ನೆರಳಿನಲ್ಲಿ ಹಸಿರು ಕಲೆಸಿದ ಬೂದಿಬಣ್ಣಕ್ಕೆ ತಿರುಗಿತ್ತು. ಗದ್ದದ ಮೇಲಿನ ಹಚ್ಚೆಯ ಬೊಟ್ಟು, ಹಳದಿಗೆ ಸರಿದ ಬಿಳಿಕೂದಲು, ಮಡಿಲಲ್ಲಿ ಒಂದರ ಮೇಲೊಂದು ಬಿದ್ದ ಕೈಗಳು. ಸೀರೆಯ ಬಣ್ಣ ಮಾತ್ರ ಬೇರೆ. ಅತ್ತೆಯದು ಗಿಳಿಹಸಿರು, ಇಲ್ಲಿ ಮಣ್ಣಿನ ಬಣ್ಣ. ಪಕ್ಕದಲ್ಲಿ ನಿಂತಿದ್ದ ಗಂಡಹೆಂಡತಿ ಚೀಟಿ ಓದಿದರು. ಕೈ ನೋಡು, ಯಾರಾದರೂ ಬಂದು ಹಿಡಿಯಲಿ ಎಂದು ಕಾದ ಹಾಗಿದೆ ಎಂದಳು ಹೆಂಡತಿ. ಕಣ್ಣೀರು ಬತ್ತಿಹೋಗಿದೆ, ಎಷ್ಟು ಅತ್ತಿದ್ದಾಳೋ ಪಾಪ ಎಂದ ಗಂಡ. ಸೊಸೆ ಸರಿಯಿಲ್ಲದಿದ್ದರೆ ಹೀಗೇ ಎಂದು ಇನ್ಯಾರೋ ಹಿಂದಿನಿಂದ ಹೇಳಿದರು.

ರೋಜಾ ಅವರತ್ತ ತಿರುಗಲಿಲ್ಲ. ಅವಳು ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಈ ಮುಖವನ್ನು ಇಷ್ಟು ಹೊತ್ತು ನೋಡಿಲ್ಲ ಎಂದು ಅವಳಿಗೆ ಹೊಳೆಯಿತು. ಸಂಜೆ ಇಬ್ಬರೂ ಟಿ.ವಿ. ನೋಡುತ್ತಿದ್ದರು. ಬೆಳಿಗ್ಗೆ ಅವಳು ಒಲೆ ನೋಡುತ್ತಿದ್ದಳು, ಅತ್ತೆ ಬಾಗಿಲು ನೋಡುತ್ತಿದ್ದಳು. ನೋಡಿದರೆ ಏನು ಕಾಣುವುದೋ ಎಂಬ ಹೆದರಿಕೆ ತನಗಿತ್ತೇ ಎಂದು ಯೋಚಿಸಿದಳು. ಇರಬಹುದು. ಈಗ ನೋಡಿದರೆ ಹೆದರುವಂಥದ್ದೇನೂ ಇರಲಿಲ್ಲ. ದುಃಖವನ್ನು ಹುಡುಕಿದಳು. ಹಣೆಯಲ್ಲಿ ಇರಲಿಲ್ಲ, ತುಟಿಯಲ್ಲಿ ಇರಲಿಲ್ಲ. ಕಣ್ಣು ಹೊರಗೂ ನೋಡುತ್ತಿರಲಿಲ್ಲ, ಒಳಗೂ ನೋಡುತ್ತಿರಲಿಲ್ಲ. ಎಲ್ಲರೂ ಎದ್ದು ಹೋದ ಮನೆಯಲ್ಲಿ ಹಾಸಿದ ಜಮಖಾನೆ ಹಾಗೇ ಉಳಿದಿರುತ್ತದಲ್ಲ, ಮುಖ ಹಾಗಿತ್ತು. ಅದನ್ನು ರೋಜಾ ಗುರುತಿಸಿದಳು, ಏಕೆಂದರೆ ಅವಳಿಗೂ ಮೂರು ವರ್ಷದಿಂದ ಹಾಗೇ ಆಗಿತ್ತು.

ಅಸ್ಮಾ ಲೋಹಿತನನ್ನು ಕರೆತಂದಳು. ತೆಳ್ಳಗಿನ ಹುಡುಗ, ಉಗುರುಗಳಲ್ಲಿ ಬಣ್ಣ. ಅಜ್ಜಿಯ ಸೊಸೆ ಎಂದು ತಿಳಿದೊಡನೆ ಅವನು ತಲೆ ತಗ್ಗಿಸಿದ. ಹೆಸರು ತಾನಿಟ್ಟದ್ದಲ್ಲ ಎಂದ. ರೋಜಾ, ಕುಳಿತಾಗ ಅತ್ತೆ ಅಳುತ್ತಿದ್ದಳೇ ಎಂದು ಕೇಳಿದಳು.

“ಇಲ್ರಿ ಅಕ್ಕಾರ. ನಾನೂ ಮೊದಲ ದುಃಖ ಅಂತ ತಿಳ್ಕೊಂಡು ಕಣ್ಣಾಗ ನೀರು ಬರೆದಿದ್ದೆ. ಸುಳ್ಳ ಅನಸ್ತು, ಒರಸಿದೆ. ಸಿಟ್ಟು ಬರೆದೆ, ಅದೂ ಅಲ್ಲ. ಕಡೀಕ ಏನೂ ಬರೀಲಿಲ್ಲ, ಇದ್ದಂಗ ಬಿಟ್ಟೆ.”

ರೋಜಾ ಮನೆಗೆ ಹೋಗಲಿಲ್ಲ. ನೇರ ಬಸ್ ಸ್ಟ್ಯಾಂಡಿಗೆ ನಡೆದು ಶಿರಹಟ್ಟಿಯ ಬಸ್ ಹತ್ತಿದಳು. ಶಿರಹಟ್ಟಿಯಲ್ಲಿ ಇಳಿದು, ಬಹಳ ಹೊತ್ತು ಕಾದು, ಬೆಳ್ಳಟ್ಟಿಯ ಬಸ್ ಹಿಡಿದಳು. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅವಳು ಯೋಚಿಸಲಿಲ್ಲ. ಎರಡೂ ಬದಿ ಗೋವಿನಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು.

ಹನಮಪ್ಪನ ಮನೆಯ ಪಡಸಾಲೆಯಲ್ಲಿ ತಿಪ್ಪವ್ವ ಹೊರಸಿನ ಮೇಲೆ ಕುಳಿತಿದ್ದಳು. ಅಲ್ಲಿ ಅವಳಿಗೆ ಏನೂ ಕಡಿಮೆ ಇರಲಿಲ್ಲ. ಎಮ್ಮೆಯ ಹಾಲು, ಮೆತ್ತನೆಯ ಹಾಸಿಗೆ, ಕಾಲೊತ್ತುವ ಮೊಮ್ಮಕ್ಕಳು. ಊರಿನವರು ದಿನವೂ ಬಂದು ಅವಳನ್ನು ನೋಡಿ ಹೋಗುತ್ತಿದ್ದರು. ಸೊಸೆ ಏನೇನು ಮಾಡಿದಳು ಎಂದು ಕೇಳಿದರೆ ತಿಪ್ಪವ್ವ ಏನೂ ಮಾಡಿಲ್ಲ ಎನ್ನುತ್ತಿದ್ದಳು. ಪಾಪ, ಸೊಸೆಯನ್ನು ಬಿಟ್ಟುಕೊಡುವುದಿಲ್ಲ ಎಂದು ಅವರು ಎದ್ದು ಹೋಗುತ್ತಿದ್ದರು.

ಹನಮಪ್ಪ ರೋಜಾಳನ್ನು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನ ಹೆಂಡತಿ ನೀರು ತಂದುಕೊಟ್ಟಳು. ರೋಜಾ ಹೊರಸಿನ ಕೆಳಗೆ, ಅತ್ತೆಯ ಮುಖ ಕಾಣುವ ಹಾಗೆ ಕುಳಿತಳು. ಚಿತ್ರ ನೋಡಿ ಬಂದೆ ಎಂದಳು. ನಿಮಗೆ ಬಹಳ ದುಃಖ ಇದೆಯಂತೆ, ಅಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ಎಂದಳು.

“ದುಃಖಾನರ ಆಗಿದ್ರ ಚಲೋ ಇತ್ತು,” ಎಂದಳು ತಿಪ್ಪವ್ವ. “ಮಂದಿ ಸತ್ತಾಗ ಎಷ್ಟ ಅತ್ತೀನಿ ನಾನು. ನನ್ನ ಮಗಾ ಸತ್ತ, ಅಳು ಬರವಲ್ದು. ಅವನ ನಡಿಗಿ ನೆನಪಿಲ್ಲ, ಅವನ ದನಿ ನೆನಪಿಲ್ಲ. ನಾ ತಾಯಿ ಹೌದೋ ಅಲ್ಲೋ ಅನಸ್ತೈತಿ.”

ಹನಮಪ್ಪ ಕಂಬಕ್ಕೆ ಒರಗಿ ನಿಂತಿದ್ದವನು ಕುಳಿತುಬಿಟ್ಟ. ರೋಜಾ ಅತ್ತೆಯ ಮೊಣಕಾಲ ಮೇಲೆ ಕೈಯಿಟ್ಟಳು.

“ನಂಗೂ ಹಂಗ ಐತಿ ಅತ್ತಿ,” ಎಂದಳು. “ನೀವು ಕೇಳಿದ್ರ ಹೇಳಬೇಕು ಅಂತಿದ್ದೆ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ.”

ತಿಪ್ಪವ್ವ ಅವಳನ್ನು ನೋಡಿದಳು. ಯಾರೂ ಅಳಲಿಲ್ಲ. ಆ ದಿನ ರೋಜಾ ಅಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ತಿಪ್ಪವ್ವ ತಾನಾಗಿಯೇ ಚೀಲ ತುಂಬಿಕೊಂಡು ಹೊರಟು ನಿಂತಳು. ಹನಮಪ್ಪ ತಡೆಯಲಿಲ್ಲ. ಆದರೆ ತಾನೂ ಬರುತ್ತೇನೆ, ಆ ಚಿತ್ರವನ್ನು ಗೋಡೆಯಿಂದ ಇಳಿಸುವವರೆಗೂ ಬಿಡುವುದಿಲ್ಲ ಎಂದ. ಮೂವರೂ ಬಸ್ಸಿನಲ್ಲಿ ಗದಗಿಗೆ ಬಂದರು. ಹನಮಪ್ಪ ದಾರಿಯಲ್ಲಿ ಅಲ್ಲಿಯವರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ರೋಜಾಳಿಗೇ ಹೇಳಿ ನೋಡಿದ. ತಮ್ಮ ಮನೆತನ ಎಂಥದ್ದು, ಹೇಳದೆ ಕೇಳದೆ ಹೀಗೆ ಚೀಟಿ ಅಂಟಿಸುವುದು ಯಾವ ನ್ಯಾಯ, ಎಂದೆಲ್ಲ. ಮಾತುಗಳು ಚೆನ್ನಾಗಿಯೇ ಇದ್ದವು.

ಹಾಲಿನ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕಿದವನು ಅಲ್ಲೇ ನಿಂತ. ಅವನ ಹಿಂದೆ ತಿಪ್ಪವ್ವ ಬಂದಳು. ತನ್ನ ಚಿತ್ರವನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅಕ್ಕ ತಮ್ಮ ಇಬ್ಬರೂ ನಿಂತಲ್ಲಿಂದ ಕದಲದ್ದನ್ನು ಕಂಡು ರೋಜಾಳಿಗೆ ಗಾಬರಿಯಾಯಿತು.

“ಯಕ್ಕಾ,” ಎಂದ ಹನಮಪ್ಪ, “ಇದು ನೀ ಅಲ್ಲ. ಅವ್ವ.”

“ಹೂಂ,” ಎಂದಳು ತಿಪ್ಪವ್ವ. “ಅವ್ವನ ಹೌದು. ಸಣ್ಣಾವ ಹೋದ ಮ್ಯಾಲೆ ಹಿಂಗ ಕುಂಡ್ರತಿದ್ಲು.”

ಅವರಿಬ್ಬರ ಕೆಳಗೆ ಇನ್ನೊಬ್ಬ ತಮ್ಮನಿದ್ದ. ನಡೆಯಲು ಕಲಿತಿದ್ದನಷ್ಟೇ, ಜ್ವರ ಬಂದು ಹೋದ. ಅದನ್ನು ರೋಜಾ ಕೇಳಿದ್ದು ಅದೇ ಮೊದಲು. ತಿಪ್ಪವ್ವ ಆಗ ಲಂಗ ಉಡುವ ಹುಡುಗಿ, ಹನಮಪ್ಪ ಇನ್ನೂ ಚಿಕ್ಕವನು. ಅವ್ವ ಪಡಸಾಲೆಯಲ್ಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಕುಳಿತುಬಿಡುತ್ತಿದ್ದಳಂತೆ. ಕರೆದರೆ ತಿರುಗಿ ನೋಡುವಳು, ಮಾತಿಲ್ಲ. ಅಡುಗೆಯನ್ನು ತಿಪ್ಪವ್ವನೇ ಮಾಡುತ್ತಿದ್ದಳು. ಹನಮಪ್ಪ ಈಗ ಚಿತ್ರದತ್ತಲೇ ನೋಡುತ್ತ, ಅವ್ವನಿಗೆ ತಮ್ಮ ಮೇಲೆ ಸಿಟ್ಟು ಬಂದಿದೆ ಎಂದು ತಾನು ತಿಳಿದುಕೊಂಡಿದ್ದೆ ಎಂದ. ಅವಳು ಸತ್ತು ಇಷ್ಟು ವರ್ಷವಾದರೂ ಹಾಗೇ ತಿಳಿದುಕೊಂಡಿದ್ದೆ ಎಂದ. ಸಿಟ್ಟಲ್ಲ ಇದು ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ರೋಜಾಳಿಗೆ ಒಂದು ಮಾತು ಕೇಳಬೇಕಾಗಿತ್ತು. ಅವ್ವ ಹಾಗೆ ಎಷ್ಟು ದಿನ ಕುಳಿತಳು, ಆಮೇಲೆ ಏನಾಯಿತು ಎಂದು ಕೇಳಿದಳು. ತಿಪ್ಪವ್ವನಿಗೆ ಸರಿಯಾಗಿ ನೆನಪಿರಲಿಲ್ಲ. ಎರಡು ಮಳೆಗಾಲ ಕಳೆದಿರಬಹುದು ಎಂದಳು. ಹನಮಪ್ಪನಿಗೆ ಒಂದು ದಿನ ನೆನಪಿತ್ತು. ಅವನು ಹೊಲದಲ್ಲಿ ಅಂಗಿ ಹರಿದುಕೊಂಡು ಬಂದಾಗ ಅವ್ವ ಎದ್ದು ಬಂದು ಜೋರಾಗಿ ಬೈದಳಂತೆ. ಬೈದವಳು ಸೂಜಿ ದಾರ ಹುಡುಕಿದಳಂತೆ. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ ಎಂದ.

ಅಸ್ಮಾ ಹೇಳಿಕಳಿಸಿದ್ದಕ್ಕೆ ಲೋಹಿತ ಓಡಿಬಂದ. ಅವನ ಹಿಂದೆ ಮಾಸ್ತರರೂ ಬಂದರು. ಹನಮಪ್ಪ ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ರೋಜಾ ಚೀಟಿಯ ಹತ್ತಿರ ಹೋಗಿ, ಇದು ಸುಳ್ಳು ಎಂದಳು. ಇವರ ಮಗ ಮರೆಯಲಿಲ್ಲ, ಸತ್ತ. ಸೊಸೆ ನಾನು, ಇಲ್ಲೇ ಇದ್ದೇನೆ ಎಂದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ತಪ್ಪಾಯಿತು ತಾಯಿ, ನಮಗೆ ಕಂಡ ಹಾಗೆ ಬರೆದೆವು ಎಂದು ಚೀಟಿಯನ್ನು ತಾವೇ ಕಿತ್ತರು. ಹಾಗಾದರೆ ಏನು ಹೆಸರಿಡಲಿ ಎಂದು ಲೋಹಿತ ತಿಪ್ಪವ್ವನನ್ನೇ ಕೇಳಿದ. ಅವಳು ಸ್ವಲ್ಪ ಯೋಚಿಸಿ, ಗದ್ದದ ಬೊಟ್ಟು ಚೆನ್ನಾಗಿ ಬಂದಿದೆ, ಸೀರೆ ಮಾತ್ರ ನನ್ನದಲ್ಲ ಎಂದಳು. ಹೆಸರಿನ ಮಾತಿಗೆ ಅವಳು ಬರಲೇ ಇಲ್ಲ. ಪ್ರದರ್ಶನ ಮುಗಿಯುವವರೆಗೂ ಆ ಚಿತ್ರದ ಕೆಳಗೆ ಅಂಟಿನ ಕಲೆ ಮಾತ್ರ ಉಳಿದಿತ್ತು.

ಪತ್ರಿಕೆಯವರು ಮತ್ತೆ ಏನೂ ಬರೆಯಲಿಲ್ಲ. ಓಣಿಯ ಮಾತು ತಾನಾಗಿ ತಣ್ಣಗಾಯಿತು. ಹನಮಪ್ಪ ಊರಿಗೆ ಹೋಗುವ ಮೊದಲು ಬೆಟಗೇರಿಯ ಮನೆಗೆ ಬಂದು ಊಟ ಮಾಡಿ, ರೋಜಾ ಕೊಟ್ಟ ನೀರನ್ನೂ ಕುಡಿದು ಹೋದ. ಈಗ ಆ ಚಿತ್ರ ಹುಬ್ಬಳ್ಳಿಯ ಯಾರದೋ ಮನೆಯಲ್ಲಿದೆಯಂತೆ. ಅಲ್ಲಿ ಬಂದವರು ಅದನ್ನು ನೋಡಿ ಏನೆನ್ನುತ್ತಾರೋ ಇವರಿಗೆ ತಿಳಿಯದು. ತಿಪ್ಪವ್ವ ಮುಂದಿನ ವರ್ಷದ ಹುಡುಗರ ಎದುರೂ ಕುಳಿತಳು. ಅತ್ತೆ ಸೊಸೆಯ ನಡುವೆ ಮಾತು ಬಹಳ ಹೆಚ್ಚಿದೆ ಎನ್ನುವಂತಿಲ್ಲ. ಆದರೆ ಊಟಕ್ಕೆ ಈಗ ಎದುರುಬದುರು ಕುಳಿತುಕೊಳ್ಳುತ್ತಾರೆ. ಒಂದು ಸಂಜೆ ರೋಜಾ, ಅವನಿಗೆ ಪುಂಡಿಪಲ್ಯ ಸೇರುತ್ತಿರಲಿಲ್ಲ ಎಂದಳು. ಯಾರಿಗೆ ಎಂದು ತಿಪ್ಪವ್ವ ಕೇಳಲಿಲ್ಲ. ಸಣ್ಣವನಿದ್ದಾಗಿನಿಂದಲೂ ಹಾಗೇ ಎಂದಳು. ಅಳು ಮಾತ್ರ ಇಬ್ಬರಿಗೂ ಇನ್ನೂ ಬಂದಿಲ್ಲ.

ಈ ವರ್ಷ ಡಂಬಳದಲ್ಲಿ ರೋಜಾಳ ಅಣ್ಣನ ಮಗಳ ಮದುವೆಯಿತ್ತು. ರೋಜಾ ಅತ್ತೆಯನ್ನೂ ಕರೆದುಕೊಂಡು ಹೋದಳು. ಕೆರೆಯ ಕಡೆಯಿಂದ ಗಾಳಿ ಬೀಸುವ ಮನೆ, ತುಂಬ ಜನ. ತಿಪ್ಪವ್ವ ಅಕ್ಷತೆ ಹಾಕಿ, ಉಂಡು, ನೆಂಟರ ನಡುವೆ ಮಧ್ಯಾಹ್ನ ಒಂದು ನಿದ್ದೆಯನ್ನೂ ಮಾಡಿದಳು. ಸಂಜೆ ಗದಗಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಮದುವೆಯ ಓಡಾಟದಿಂದ ದಣಿದಿದ್ದ ರೋಜಾ ಊರು ದಾಟುವುದರೊಳಗೆ ಅತ್ತೆಯ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ರಸ್ತೆಯಲ್ಲಿ ತಗ್ಗುಗಳಿದ್ದವು. ಕುಲುಕಿದಾಗಲೆಲ್ಲ ತಲೆ ಜಾರುತ್ತಿತ್ತು, ತಿಪ್ಪವ್ವ ಕೈಯಿಂದ ಹಿಡಿದು ಮತ್ತೆ ಭುಜಕ್ಕೆ ಒರಗಿಸುತ್ತಿದ್ದಳು. ಅರ್ಧ ದಾರಿಯಲ್ಲಿ ಭುಜಕ್ಕೆ ಜೋಮು ಹಿಡಿಯಿತು. ಸರಿದು ಕುಳಿತರೆ ಹುಡುಗಿಗೆ ಎಚ್ಚರವಾದೀತೆಂದು ಹಾಗೇ ಕುಳಿತಳು. ಗದಗಿನ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಭುಜ ತಿಕ್ಕಿಕೊಳ್ಳುತ್ತ ನಿಂತಳು. ಏನಾಯಿತು ಎಂದು ರೋಜಾ ಕೇಳಿದಾಗ, ಏನಿಲ್ಲ, ನಡಿ ಎಂದಳು. ಬೆಟಗೇರಿಯ ಕಡೆ ಹೋಗುವ ಆಟೊ ಇನ್ನೂ ನಿಂತಿತ್ತು.